ಒಂದು ವ್ಯಂಗ್ಯಚಿತ್ರವೂ ಅದರ ಪ್ರೇಕ್ಷಕರೂ

ಚಿತ್ರ ಬರೆದ ಕಾರಣಕ್ಕಾಗಿ ಒಬ್ಬ ತರುಣರ ಮೇಲೆ ರಾಜದ್ರೋಹದ ಖಟ್ಲೆಯನ್ನು ಹೂಡಿದ ಪ್ರಸಂಗವು 2012ನೆಯ ಇಸವಿಯಲ್ಲಿ ಮುಂಬಯಿ ಪಟ್ಟಣದಲ್ಲಿ ನಡೆಯಿತು. ಆ ತರುಣರ ಹೆಸರು ಶ್ರೀ ಅಸೀಮ ತ್ರಿವೇದಿ; ಊರು ಉತ್ತರ ಪ್ರದೇಶದ ಕಾನಪುರ; ವಯಸ್ಸು ಆಗ 25. ಅದರ ಹಿಂದಿನ ವರ್ಷ ಶ್ರೀ ಅಣ್ಣಾ ಹಜಾರೆಯವರು ಲಂಚಗುಳಿತನದ ವಿರುದ್ಧವಾಗಿ ಎಬ್ಬಿಸಿದ ಚಳವಳಿಯು ದೇಶವನ್ನೆಲ್ಲ ಅಲುಗಿಸುತ್ತಿರಲು, ತ್ರಿವೇದಿಯವರು ಕೆಲವು ವ್ಯಂಗ್ಯಚಿತ್ರಗಳನ್ನು ಬರೆದು ತಮ್ಮ ಜಾಲತಾಣದಲ್ಲಿ ಪ್ರಕಟಿಸಿದರು. ಮುಂಬಯಿಯ ಸಭೆಯೊಂದರಲ್ಲಿಯೂ ಅವು ಪ್ರದರ್ಶಿತವಾದವು. ಆ ತಾಣವು ಮುಚ್ಚಲ್ಪಟ್ಟಿತು. ಬಳಿಕ ಫಿರ್ಯಾದಿಯಾಗಿ, 2012ರ ಸಪ್ಟೆಂಬರ ತಿಂಗಳಲ್ಲಿ ಚಿತ್ರಕಾರರು ಪೋಲೀಸರ ವಶವಾದರು. ದಂಡಸಂಹಿತೆಯ 124ಅ ಕಲಮು, ರಾಷ್ಟ್ರಗೌರವಕ್ಕೆ ಅಪಮಾನ ಮಾಡುವದನ್ನು ತಡೆಯುವ 1971ರ ಕಾಯಿದೆ, ಮಾಹಿತಿ ತಂತ್ರಜ್ಞಾನದ ಕಾಯಿದೆಯ 66ಅ ಕಲಮು, ಹೀಗೆ ಮೂರು ಕಡೆಯಿಂದ ಅವರನ್ನು ಕಟ್ಟಲಾಯಿತು.

ದೇಶವನ್ನು ಪ್ರೀತಿಸಿದುದರಿಂದಲೇ ಈ ಚಿತ್ರಗಳು ಹುಟ್ಟಿದವೆಂದು ಒಂದು ಪಕ್ಷದವರೂ, ದೇಶವನ್ನು ಹೀಗಳೆಯುವದಕ್ಕಾಗಿಯೇ ಹುಟ್ಟಿದವೆಂದು ಇನ್ನೊಂದು ಪಕ್ಷದವರೂ ವಾದಿಸಿದರು. ವಾದವು ಅಂದು ಎಷ್ಟು ಕಾವೇರಿದ್ದಿತೆಂಬುದನ್ನು ಅಂದಿನ ವರ್ತಮಾನಪತ್ರಗಳನ್ನು ತಿರುವಿದವರು ಬಲ್ಲರು. ಆದರೆ ಆ ಗದ್ದಲದೊಳಗೆ ಒಂದು ಕೆಲಸ ಮಾತ್ರ ನಡೆಯದೆ ಉಳಿಯಿತು. ಏನಂದರೆ, ಚಿತ್ರವನ್ನು ಚಿತ್ರವೆಂದು ನೋಡುವದು. ದೂಷಿಸಿದವರು ಅದು ಯಾರ ಮಾನಕ್ಕೆ ತಗುಲಿತೆಂಬುದನ್ನು ನೋಡಿದರು. ಹೊಗಳಿದವರು ಬರೆದವರು ಯಾವ ಪಕ್ಷದವರೆಂಬುದನ್ನು ನೋಡಿದರು. ಕಾವ್ಯವೊಂದನ್ನು ಓದದೆ ಕವಿಯ ಕುಲಗೋತ್ರಗಳನ್ನೂ ಆಶ್ರಯದಾತನ ಹೆಸರನ್ನೂ ಕೇಳಿ ಗುಣದೋಷಗಳನ್ನು ನಿರ್ಣಯಿಸುವ ಪದ್ಧತಿಯು ವಿದ್ವತ್ಸಭೆಗಳಲ್ಲಿ ಎಂದೂ ಮಾನ್ಯವಾಗಿಲ್ಲ. ಚಿತ್ರಕ್ಕೆ ಬೇರೆ ನ್ಯಾಯವು ಯಾಕೆ?

ವಿವಾದಕ್ಕೆ ಕಾರಣವಾದ ಚಿತ್ರಗಳೊಳಗೆ ಮೂರನ್ನು ಇಲ್ಲಿ ತೆಗೆದುಕೊಂಡರೆ ಸಾಕು. ಒಂದರಲ್ಲಿ ರಾಷ್ಟ್ರಲಾಂಛನದ ಸಿಂಹಗಳು ಇರಬೇಕಾದ ಎಡೆಯಲ್ಲಿ ರಕ್ತ ಬಳಿದ ಬಾಯಿಯ ತೋಳಗಳು. ಕೆಳಗೆ ‘ಸತ್ಯಮೇವ ಜಯತೇ’ ಎಂಬ ವಾಕ್ಯದ ಬದಲು ‘ಭ್ರಷ್ಟಮೇವ ಜಯತೇ’ ಎಂಬ ಬರಹ. ಎರಡನೆಯದರಲ್ಲಿ ತ್ರಿವರ್ಣದ ಸೀರೆಯನ್ನುಟ್ಟ ಭಾರತಮಾತೆಯನ್ನು ರಾಜಕಾರಣಿಯೂ ಅಧಿಕಾರಿಯೂ ಹಿಡಿದಿರುವರು. ಭ್ರಷ್ಟಾಚಾರವೆಂಬ ಹೆಸರಿನ ಮೃಗಾಕಾರವೊಂದು ಆಕೆಯ ಮೇಲೆ ಬೀಳಲಿರುವದು. ಮೂರನೆಯದರಲ್ಲಿ ಸಂಸತ್ತಿನ ಭವನವು ಶೌಚದ ಪಾತ್ರೆಯಾಗಿರುವದು. ಇವುಗಳನ್ನು ಕಂಡು ಸಜ್ಜನರು ಮುಖ ತಿರುಗಿಸಿದರೆ ಆಶ್ಚರ್ಯವೇನೂ ಇಲ್ಲ. ಮುಖ ತಿರುಗಿಸಿದ ಮೇಲೆ ಏನು ಮಾಡತಕ್ಕದ್ದೆಂಬುದೇ ಪ್ರಶ್ನೆ.

ಫಿರ್ಯಾದಿಯ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳಬೇಕು. ಈ ಚಿತ್ರಮಾಲೆಯಲ್ಲಿ ಸಂವಿಧಾನಕ್ಕೂ ಅಪಮಾನವಾಯಿತೆಂಬುದು ಅವರ ದೂರು. ಆ ಗ್ರಂಥವು ಎಲ್ಲರಿಗೂ ಒಂದೇ ಬಗೆಯಾಗಿ ಕಾಣುವದಿಲ್ಲವೆಂಬುದನ್ನು ಮರೆಯಲಾಗದು. ತಲೆತಲಾಂತರದಿಂದ ಊರ ಬಾವಿಯ ನೀರನ್ನೂ ದೇವಾಲಯದ ಬಾಗಿಲನ್ನೂ ಕಾಣದೆ ಇದ್ದ ಮನೆತನಗಳಿಗೆ ಅದು ಬರಿಯ ಕಾಯಿದೆಯ ಹೊತ್ತಿಗೆಯಲ್ಲ. ಮನುಷ್ಯರೆಂದು ತಮ್ಮನ್ನು ಮೊದಲ ಸಲ ಬರೆದಿಟ್ಟ ದಾಖಲೆ. ಅದರ ಮೇಲೆ ಬಿದ್ದ ಕೆಸರು ತಮ್ಮ ಮೈಮೇಲೆ ಬಿದ್ದಂತೆಯೇ ಅವರಿಗೆ ತೋರಿದರೆ ಅದು ಕಪಟವಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, 11ನೆಯ ತಾರೀಖು, ಶಂಕರ ಅವರು 1949ರಲ್ಲಿ ಬರೆದ ವ್ಯಂಗ್ಯಚಿತ್ರವೊಂದಕ್ಕಾಗಿ ಸಂಸತ್ತಿನಲ್ಲಿಯೇ ಕೋಲಾಹಲವಾಗಿದ್ದಿತು. ಸಂವಿಧಾನವೆಂಬ ಬಸವನಹುಳದ ಮೇಲೆ ಡಾಕ್ಟರ ಅಂಬೇಡಕರರು ಚಾವಟಿ ಹಿಡಿದು ಕುಳಿತಿರುವದು, ಹಿಂದಿನಿಂದ ಪಂಡಿತ ನೆಹರೂ ಅವರೂ ಚಾವಟಿಯೆತ್ತಿರುವದು, ಇದು ಆ ಚಿತ್ರ. ಹನ್ನೊಂದನೆಯ ತರಗತಿಯ ಪಠ್ಯಪುಸ್ತಕದಲ್ಲಿ ವರ್ಷಗಳಿಂದ ಇದ್ದ ಅದನ್ನು ತೆಗೆಯುವದಾಗಿ ಸರಕಾರವು ಒಪ್ಪಿತು. ಪುಸ್ತಕದ ಸಲಹೆಗಾರರಾದ ಶ್ರೀ ಯೋಗೇಂದ್ರ ಯಾದವ ಮತ್ತು ಶ್ರೀ ಸುಹಾಸ ಪಳಶೀಕರ ಇವರು ರಾಜೀನಾಮೆ ಕೊಟ್ಟರು. ಪುಣೆಯಲ್ಲಿ ಪಳಶೀಕರರ ಕಚೇರಿಗೆ ನುಗ್ಗಿ ಸಾಮಾನುಗಳನ್ನು ಒಡೆದರು. ಚಿತ್ರ ಬರೆದಾಗ ಅಂಬೇಡಕರರೂ ನೆಹರೂ ಅವರೂ ಜೀವಂತರು. ಆಗ ಯಾರೂ ಖಟ್ಲೆ ಹೂಡಲಿಲ್ಲ. 63 ವರ್ಷಗಳ ಮೇಲೆ ಅದು ಸಹಿಸಲಶಕ್ಯವಾಯಿತು. ಬಸವನಹುಳಕ್ಕೆ ವೇಗವಿಲ್ಲವೆಂಬ ಮಾತು ನಿಜವಾದರೂ, ಕೋಪಕ್ಕೆ ಇಷ್ಟು ನಿಧಾನವಾದ ವಾಹನವು ಅಪರೂಪವೇ.

ಆದರೂ ನೊಂದವರ ನೋವು ಒಂದು; ಆ ನೋವನ್ನು ಕೈಗೆತ್ತಿಕೊಂಡು ಸೆರೆಮನೆಯ ಬಾಗಿಲು ತೆರೆಯಿಸುವದು ಇನ್ನೊಂದು. ಮೊದಲನೆಯದಕ್ಕೆ ಉತ್ತರವನ್ನು ಚಿತ್ರಕಾರನು ಕೊಡಬೇಕು, ವಿಮರ್ಶಕನು ಕೇಳಬೇಕು. ಎರಡನೆಯದಕ್ಕೆ ಇವರಿಬ್ಬರ ಹಂಗೂ ಇಲ್ಲ.

ಇನ್ನು ಕೈವಾರಿಸಿದವರ ಪಕ್ಷ. ಪತ್ರಿಕಾಮಂಡಳಿಯ ಅಂದಿನ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು ಈ ಬಂಧನವು ಕಾಯಿದೆಗೆ ಸಲ್ಲದೆಂದು ಬಹಿರಂಗವಾಗಿ ಹೇಳಿದರು. ಅದು ಸರಿಯಾದ ಮಾತು. ಅನೇಕ ವ್ಯಂಗ್ಯಚಿತ್ರಕಾರರು ತಮ್ಮ ಸಹೋದ್ಯೋಗಿಯ ಪರವಾಗಿ ನಿಂತರು. ಸಿರಿಯಾ ದೇಶದ ಅಲಿ ಫರ್ಜಾತ ಅವರೊಡನೆ ತ್ರಿವೇದಿಯವರಿಗೂ ಆ ವರ್ಷ ಪರದೇಶದ ವ್ಯಂಗ್ಯಚಿತ್ರಕಾರರ ಸಂಸ್ಥೆಯೊಂದರಿಂದ ಧೈರ್ಯಕ್ಕಾಗಿ ಪುರಸ್ಕಾರವು ಬಂದಿತು. ಪುರಸ್ಕಾರದ ಹೆಸರನ್ನು ಗಮನಿಸಬೇಕು. ಅದು ಧೈರ್ಯಕ್ಕೆ ಸಂದುದು, ಚಿತ್ರಕ್ಕಲ್ಲ. ಹೊಗಳಿದವರೆಲ್ಲರೂ ಹೊಗಳಿದ್ದು ಅದನ್ನೇ. ತೋಳವು ಯಾಕೆ ತೋಳವೇ ಆಗಬೇಕಾಯಿತು, ನರಿ ಯಾಕಾಗಲಿಲ್ಲ, ತಾಯಿಯ ಮುಖದಲ್ಲಿ ಯಾವ ಭಾವವಿದೆ, ಎಂದು ಕೇಳಿದವರು ವಿರಳ.

ಈ ಕೇಳ್ವಿಯನ್ನು ಕೇಳುವದಕ್ಕೆ ಬಾಗಲಕೋಟೆಯ ಸೀಮೆಯವರಿಗೆ ವಿಶೇಷವಾದ ಅಧಿಕಾರವುಂಟೆನ್ನಬಹುದು. ಬಾದಾಮಿಯ ಗುಹೆಗಳಿಗೆ ಹೋದವರು ಸಾಮಾನ್ಯವಾಗಿ ತಲೆಯೆತ್ತಿ ನೋಡುವರು. ಹದಿನೆಂಟು ಕೈಗಳ ನಟರಾಜನನ್ನೂ, ಮೂರನೆಯ ಗುಹೆಯಲ್ಲಿ ಶೇಷಾಸನದ ಮೇಲೆ ಕುಳಿತ ವಿಷ್ಣುವನ್ನೂ ಕಂಡು ಕೈಮುಗಿಯುವರು. ತಲೆ ತಗ್ಗಿಸಿ ಜಗತಿಯ ಅಂಚನ್ನು ನೋಡುವವರು ಕಡಿಮೆ. ಅಲ್ಲಿ ಕುಳ್ಳಗಣಗಳ ಸಾಲು ಸಾಲೇ ಉಂಟು. ಒಬ್ಬನು ಹೊಟ್ಟೆ ಬಿಟ್ಟು ಕುಣಿಯುವನು, ಒಬ್ಬನು ಸೊಟ್ಟಗೆ ನಿಂತಿರುವನು, ಕೆಲವರಿಗೆ ಮೃಗದ ಮೋರೆ. ಮಂಗಲೇಶನು ಶಕವರ್ಷ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ, ಮಹಾವಿಷ್ಣುವಿನ ಮನೆಯನ್ನು ಮಾಡಿಸುವಾಗ ಆ ಮನೆಯ ಅಡಿಗಟ್ಟಿನಲ್ಲಿ ನಗೆಗೂ ಎಡೆಯನ್ನು ಕೊಡಿಸಿದನು. ದೇವರ ಮಹಿಮೆಯು ಇದರಿಂದ ಕುಂದಿತೆಂದು ಚಲುಕ್ಯರ ಸಭೆಯಲ್ಲಿ ಯಾರೂ ದೂರಿದಂತಿಲ್ಲ. ಲೋಕಾಪುರದ ಕಡೆಯಲ್ಲಿ ಶ್ರೀಕೃಷ್ಣಪಾರಿಜಾತವನ್ನು ನೋಡಿದವರಿಗೂ ಇದೇ ಅನುಭವ. ಮಡದಿಯರಿಬ್ಬರ ನಡುವೆ ಸಿಕ್ಕಿದ ಜಗನ್ನಾಥನನ್ನು ನೋಡಿ ಬೆಳತನಕ ನಕ್ಕ ಜನರೇ ಮಂಗಳಾರತಿಯ ಹೊತ್ತಿಗೆ ಅವನಿಗೆ ಕೈಮುಗಿದು ಏಳುವರು. ನಗೆಯೂ ಭಕ್ತಿಯೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬಲ್ಲವೆಂಬುದನ್ನು ಈ ಸೀಮೆಯ ಕೂಸುಗಳೂ ಅರಿತಿರುವವು.

ಆದರೆ ಇಲ್ಲಿಯೇ ಒಂದು ತೊಡಕು. ಗಣಗಳ ಸಾಲಿನಲ್ಲಿಯೂ ಪಾರಿಜಾತದಲ್ಲಿಯೂ ಇರುವದು ಹಾಸ್ಯ. ತ್ರಿವೇದಿಯವರ ಚಿತ್ರಗಳಲ್ಲಿ ಹಾಸ್ಯವಿದೆಯೇ? ಈ ಪ್ರಶ್ನೆಯನ್ನು ಕೊನೆಗೆ ಎತ್ತಿದವರು ವಿಮರ್ಶಕರಲ್ಲ, ನ್ಯಾಯಾಧೀಶರು. ಮುಂಬಯಿಯ ಉಚ್ಚ ನ್ಯಾಯಾಲಯವು ಸಪ್ಟೆಂಬರ 11ರಂದೇ 5,000 ರೂಪಾಯಿಗಳ ಮುಚ್ಚಳಿಕೆಯ ಮೇಲೆ ಚಿತ್ರಕಾರರನ್ನು ಬಿಡಲು ಹೇಳಿದ್ದಿತು. ಅಕ್ಟೋಬರದಲ್ಲಿ ಮಹಾರಾಷ್ಟ್ರ ಸರಕಾರವು ರಾಜದ್ರೋಹದ ಆರೋಪವನ್ನು ಕೈಬಿಟ್ಟಿತು. ಆ ಮೇಲೆ 2015ರ ಮಾರ್ಚ 17ರಂದು ಕೊಟ್ಟ ತೀರ್ಪಿನಲ್ಲಿ ನ್ಯಾಯಾಲಯವು ಆ ಚಿತ್ರಗಳನ್ನು ತಾನೇ ನೋಡಿ ಒಂದು ಮಾತನ್ನು ಹೇಳಿತು. ವ್ಯಂಗ್ಯಚಿತ್ರದಲ್ಲಿ ವಿನೋದವೋ ಹಾಸ್ಯವೋ ಚುಚ್ಚುಮಾತೋ ಇರಬೇಕೆಂಬ ನಿರೀಕ್ಷೆಯುಂಟು. ಈ ಚಿತ್ರಗಳಲ್ಲಿ ಅಂಥದೇನೂ ಕಾಣುವದಿಲ್ಲ, ರಾಜಕೀಯದ ಭ್ರಷ್ಟತೆಯ ವಿಷಯದಲ್ಲಿ ಸಿಟ್ಟೂ ಹೇಸಿಕೆಯೂ ತುಂಬಿರುವವು. ಆದರೂ ಹಿಂಸೆಗೆ ಪ್ರೇರಣೆಯಾಗಲಿ ಶಾಂತಿಭಂಗದ ಉದ್ದೇಶವಾಗಲಿ ಇಲ್ಲದಿರುವಾಗ ಅಷ್ಟಕ್ಕಾಗಿ ಅವರ ಅಭಿವ್ಯಕ್ತಿಸ್ವಾತಂತ್ರ್ಯವನ್ನು ಕಸಿಯಲಾಗದು, ಎಂಬುದು ಅದರ ತಾತ್ಪರ್ಯ.

ಇಷ್ಟು ಜನರ ಕೂಗಾಟದೊಳಗೆ ಚಿತ್ರಗಳನ್ನು ಮುಂದಿಟ್ಟುಕೊಂಡು ರಸವಿಚಾರ ಮಾಡಿದ ಕೀರ್ತಿಯು ನ್ಯಾಯಾಲಯಕ್ಕೆ ಸಲ್ಲಬೇಕಾಯಿತು! ತೀರ್ಪಿನ ಫಲವು ನಿರ್ವಿವಾದವಾದುದು. ಆದರೆ ಲಕ್ಷಣದ ವಿಷಯದಲ್ಲಿ ಒಂದೆರಡು ಮಾತುಗಳಿಗೆ ಅವಕಾಶವಿದೆ. ಸಿಟ್ಟು ಮತ್ತು ಹೇಸಿಕೆ ಎಂದು ನ್ಯಾಯಾಧೀಶರು ಹೇಳಿದುದನ್ನು ಅಲಂಕಾರಶಾಸ್ತ್ರವು ಬಹುಕಾಲದಿಂದ ಬಲ್ಲದು. ಕ್ರೋಧವು ರೌದ್ರಕ್ಕೂ ಜುಗುಪ್ಸೆಯು ಬೀಭತ್ಸಕ್ಕೂ ಸ್ಥಾಯಿ. ಭರತಮುನಿಯು ಇವೆರಡನ್ನೂ ಹಾಸ್ಯದ ಸಾಲಿನಲ್ಲಿಯೇ ಕೂಡಿಸಿರುವನು. ಹಾಸ್ಯಕ್ಕಿಂತ ಕೀಳೆಂದು ಎಣಿಸಿಲ್ಲ. ಅಷ್ಟೇ ಅಲ್ಲ, ರೌದ್ರದಿಂದ ಕರುಣವು ಹುಟ್ಟುವದೆಂದೂ ಅವನ ಮತ. ಆದುದರಿಂದ ನಗೆ ಬಾರದಿರುವದು ಈ ಚಿತ್ರಗಳ ದೋಷವಾಗಲಾರದು. ರೌದ್ರದಿಂದ ಕರುಣವು ಹುಟ್ಟಿತೋ ಇಲ್ಲವೋ ಎಂಬುದನ್ನು ಕೇಳಬೇಕು.

ಕನ್ನಡದ ಹೆಸರೂ ಇದಕ್ಕೆ ಅನುಕೂಲವಾಗಿಯೇ ಇರುವದು. ‘ಕಾರ್ಟೂನು’ ಎಂಬ ಪರದೇಶದ ಶಬ್ದಕ್ಕೆ ಕನ್ನಡಿಗರು ‘ವ್ಯಂಗ್ಯಚಿತ್ರ’ವೆಂದರು, ‘ಹಾಸ್ಯಚಿತ್ರ’ವೆನ್ನಲಿಲ್ಲ. ವ್ಯಂಗ್ಯವೆಂದರೆ ಗೇಲಿಯಲ್ಲ, ವ್ಯಂಜನೆಯಿಂದ ತಿಳಿಯತಕ್ಕ ಅರ್ಥ. ರೂಢಿಯಲ್ಲಿ ಅದು ಗೇಲಿಯೆಂಬಷ್ಟಕ್ಕೆ ಇಳಿದಿದೆ. ಆ ಮಾತು ಬೇರೆ. ಈ ಹೆಸರನ್ನು ಆನಂದವರ್ಧನನು ಕೇಳಿದ್ದರೆ ಸೋಜಿಗಪಡುತ್ತಿದ್ದನು. ಯಾಕಂದರೆ ಅವನ ಪರಿಭಾಷೆಯಲ್ಲಿ ‘ಚಿತ್ರ’ವೆಂಬುದು ವ್ಯಂಗ್ಯದ ವಿವಕ್ಷೆಯೇ ಇಲ್ಲದ ಕಾವ್ಯದ ಹೆಸರು, ಎಲ್ಲಕ್ಕೂ ಕೆಳಗಿನದು. ಹಾಗಾದರೆ ವ್ಯಂಗ್ಯವುಳ್ಳ ಚಿತ್ರವೆಂಬುದು ಅವನ ಕಿವಿಗೆ ವದತೋವ್ಯಾಘಾತವಾಗಿಯೇ ಕೇಳಿಸೀತು. ಅದೇ ಶತಮಾನದಲ್ಲಿ ಹುಟ್ಟಿ, ಈ ಜಿಲ್ಲೆಯ ಕಿಸುವೊಳಲನ್ನು ಕನ್ನಡದ ತಿರುಳಿನ ನಾಡಿನಲ್ಲಿ ಎಣಿಸಿದ ಕವಿರಾಜಮಾರ್ಗವೂ ಧ್ವನಿಯನ್ನು ಒಂದು ಅಲಂಕಾರವೆಂದು ಹೆಸರಿಸಿರುವದನ್ನು ಇಲ್ಲಿ ನೆನೆಯಬಹುದು. ಒಟ್ಟಿನಲ್ಲಿ ಪರೀಕ್ಷೆಯು ಇದು: ರೇಖೆಗಳು ಬಾಯಿಬಿಟ್ಟು ಹೇಳುವ ಅರ್ಥದ ಆಚೆಗೆ ಇನ್ನೊಂದು ಅರ್ಥವು ಮಿಡಿಯುವದೋ ಇಲ್ಲವೋ?

ಈ ಪರೀಕ್ಷೆಯಲ್ಲಿ ತೋಳಗಳ ಚಿತ್ರವು ತೇರ್ಗಡೆಯಾಗುವದು. ಸಾರನಾಥದ ಸ್ತಂಭದ ಮೇಲೆ ಅಶೋಕನು ನಿಲ್ಲಿಸಿದ ಸಿಂಹಗಳು ನಾಲ್ಕು; ಲಾಂಛನದಲ್ಲಿ ಕಾಣುವವು ಮೂರು, ನಾಲ್ಕನೆಯದು ಹಿಂದೆ ಅಡಗಿರುವದು. ಈ ರೂಪವು 1950ರ ಜನೆವರಿ 26ರಂದು ರಾಷ್ಟ್ರದ ಮುದ್ರೆಯಾಯಿತು. ನಾಣ್ಯದ ಮೇಲೆ, ನೋಟಿನ ಮೇಲೆ, ಸರಕಾರದ ಕಾಗದದ ಮೇಲೆ ದಿನವೂ ಕಣ್ಣಿಗೆ ಬೀಳುವದರಿಂದ ಯಾರೂ ಅದನ್ನು ನೋಡುವದೇ ಇಲ್ಲ. ತ್ರಿವೇದಿಯವರು ನಿಲುವನ್ನು ಬದಲಿಸಲಿಲ್ಲ, ಪೀಠವನ್ನು ಬದಲಿಸಲಿಲ್ಲ. ಮೋರೆಗಳನ್ನು ಮಾತ್ರ ಬದಲಿಸಿದರು. ಸಿಂಹವು ತಾನು ಕೊಂದುದನ್ನು ಹಗಲಿನಲ್ಲಿ ತಿನ್ನುವ ಮೃಗರಾಜನೆಂದು ಕವಿಸಮಯ. ತೋಳವು ಹಟ್ಟಿಯ ಬೇಲಿಯನ್ನು ರಾತ್ರಿ ದಾಟುವದು, ಕಾಯುವವನು ಮಲಗಿದ್ದಾಗ. ಈ ಭಾಗದ ಕುರುಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಂಹಪೀಠದಲ್ಲಿ ತೋಳವು ಕುಳಿತಿದೆಯೆಂಬುದು ವಾಚ್ಯ. ಹಟ್ಟಿಯ ಕಾವಲುಗಾರನು ಎಲ್ಲಿ ಹೋದನೆಂಬುದು ವ್ಯಂಗ್ಯ. ಇನ್ನೂ ಒಂದು ಮಾತು. ಸಿಂಹವೇ ಅಲ್ಲಿ ಇರತಕ್ಕದ್ದೆಂದು ನೆನಪಿರದ ಹೊರತು ತೋಳವನ್ನು ಕಂಡು ಯಾರಿಗೂ ಎದೆ ನಡುಗದು. ಲಾಂಛನದ ಮೇಲಿನ ಗೌರವವನ್ನೇ ಬಂಡವಾಳವಾಗಿ ಮಾಡಿಕೊಂಡು ಹುಟ್ಟಿದ ಚಿತ್ರವು ಲಾಂಛನದ ದ್ವೇಷಿಯಾಗುವದು ಹೇಗೆ?

ಬರಹದ ವಿಷಯವಾಗಿಯೂ ಎರಡು ಮಾತು. ಇಳಕಲ್ಲಿನ ನೇಕಾರನು ಸೀರೆಯ ಒಡಲನ್ನೂ ಸೆರಗನ್ನೂ ಬೇರೆ ಬೇರೆ ಹಾಸು ಮಾಡಿ ಕೊಂಡಿ ಹಾಕಿ ಕೂಡಿಸುವನು. ಕೊಂಡಿ ಸಡಿಲಾದರೆ ಎಷ್ಟು ಚೆಲುವಾದ ಸೆರಗೂ ಜೋತುಬೀಳುವದು. ವ್ಯಂಗ್ಯಚಿತ್ರದಲ್ಲಿ ರೇಖೆಗೂ ಬರಹಕ್ಕೂ ಇರತಕ್ಕ ಸಂಬಂಧವು ಅಂಥದೇ. ‘ಭ್ರಷ್ಟಮೇವ ಜಯತೇ’ ಎಂಬಲ್ಲಿ ಕೊಂಡಿಯು ಬಿಗಿಯಾಗಿದೆ. ಹಿಂದೀ ಬಳಕೆಯಲ್ಲಿ ಭ್ರಷ್ಟವೆಂದರೆ ಲಂಚಕೋರತನಕ್ಕೆ ಸೇರಿದುದು. ಸಂಸ್ಕೃತದಲ್ಲಿ ಭ್ರಷ್ಟವೆಂದರೆ ಜಾರಿ ಕೆಳಗೆ ಬಿದ್ದುದು. ಬಿದ್ದುದೇ ಗೆಲ್ಲುವದು ಎಂಬ ಅರ್ಥವು ಚಿತ್ರಕಾರರ ಮನಸ್ಸಿನಲ್ಲಿದ್ದಿತೋ ಇಲ್ಲವೋ, ವಾಕ್ಯದಲ್ಲಿ ಕುಳಿತುಕೊಂಡಿದೆ. ‘ಜಯತೇ’ ಎಂಬ ಆತ್ಮನೇಪದದ ರೂಪವು ಆರ್ಷಪ್ರಯೋಗ. ಲೌಕಿಕ ಸಂಸ್ಕೃತದಲ್ಲಿ ‘ಜಯತಿ’ಯೇ ರೂಢಿ. ಮುಂಡಕೋಪನಿಷತ್ತಿನ ಆ ಹಳೆಯ ಕ್ರಿಯಾಪದವನ್ನು ಹಾಗೆಯೇ ಉಳಿಸಿ ಕರ್ತೃಪದವನ್ನು ಮಾತ್ರ ಕಿತ್ತುಹಾಕಿದುದರಿಂದ, ಋಷಿಯ ಪೀಠದಲ್ಲಿ ಕಳ್ಳನು ಕುಳಿತಂತೆ ಕಿವಿಗೂ ಕೇಳಿಸುವದು.

ಭಾರತಮಾತೆಯ ಚಿತ್ರವು ಇಷ್ಟು ಸುಲಭವಾಗಿ ತೇರ್ಗಡೆಯಾಗದು. ಜನರ ಸಿಟ್ಟೂ ಮುಖ್ಯವಾಗಿ ಇದರ ಮೇಲೆಯೇ ಇದ್ದಿತು. ಅಶ್ಲೀಲವೆಂದು ಹಲವರು ಕೂಗಿದರು. ಆದರೆ ಮಾನಿನಿಯೊಬ್ಬಳ ಅಪಮಾನವನ್ನು ವರ್ಣಿಸುವದೇ ಅಶ್ಲೀಲವಾದರೆ ವ್ಯಾಸರ ಸಭಾಪರ್ವವನ್ನು ಮೊದಲು ಮುಚ್ಚಿಡಬೇಕಾಗುವದು. ಗದುಗಿನ ಕುಮಾರವ್ಯಾಸನು ಕನ್ನಡಿಗರ ಮನೆಮನೆಯಲ್ಲಿ ಆ ಪ್ರಸಂಗವನ್ನು ಓದಿಸಿರುವನು, ಕೇಳಿದ ಹೆಣ್ಣುಮಕ್ಕಳು ಕಣ್ಣೊರಸಿಕೊಂಡರಲ್ಲದೆ ಎದ್ದುಹೋಗಲಿಲ್ಲ. ಆ ಪರ್ವದ ಭಯಂಕರತೆಯು ದುಶ್ಶಾಸನನಲ್ಲಿ ಇರುವದಕ್ಕಿಂತ ಹೆಚ್ಚಾಗಿ ಸುಮ್ಮನೆ ಕುಳಿತ ಭೀಷ್ಮದ್ರೋಣರಲ್ಲಿ ಇರುವದು. ತ್ರಿವೇದಿಯವರ ಚಿತ್ರದಲ್ಲಿ ಭೀಷ್ಮದ್ರೋಣರು ಎಲ್ಲಿ? ಕಾಗದದ ಮೇಲೆ ಇಲ್ಲ. ಕಾಗದದ ಈಚೆಗೆ ನಿಂತು ನೋಡುತ್ತಿರುವವನೇ ಆ ಪೀಠದಲ್ಲಿ ಕುಳಿತಿರುವನು. ಚಿತ್ರದ ವ್ಯಂಗ್ಯವು ಇದು. ಬಹಳ ಖಾರವಾದ ವ್ಯಂಗ್ಯ. ಪ್ರೇಕ್ಷಕರಲ್ಲಿ ಹೊತ್ತಿದ ಕೋಪದ ಒಂದು ಭಾಗವಾದರೂ ಸುಮ್ಮನೆ ಕುಳಿತುದನ್ನು ಕಂಡುಹಿಡಿದರೆಂಬ ಕೋಪವಾಗಿರಬೇಕು.

ಇಷ್ಟು ಗುಣವನ್ನು ಒಪ್ಪಿದ ಮೇಲೆ ದೋಷವನ್ನು ಹೇಳದೆ ಬಿಡುವದು ಸರಿಯಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ರಸದ ಜೀವಿತವೆಂದನು. ಈ ಚಿತ್ರದಲ್ಲಿ ಔಚಿತ್ಯವು ಕೆಟ್ಟಿರುವದು ಬಟ್ಟೆಯ ವಿಷಯದಲ್ಲಿ ಅಲ್ಲ, ಬಾಯಿಯ ವಿಷಯದಲ್ಲಿ. ಸಭಾಪರ್ವದ ದ್ರೌಪದಿಯು ಮೂಕಳಲ್ಲ. ಧರ್ಮರಾಯನು ತನ್ನನ್ನು ಮೊದಲು ಸೋತನೋ ಅಥವಾ ತನ್ನನ್ನೇ ಸೋತ ಮೇಲೆ ಪತ್ನಿಯನ್ನು ಒಡ್ಡಿದನೋ ಎಂದು ಅವಳು ಕೇಳಿದ ಪ್ರಶ್ನೆಗೆ ತುಂಬಿದ ಸಭೆಯು ನಿಶ್ಚಿತವಾದ ಉತ್ತರ ಕೊಡಲಿಲ್ಲ. ಭಟ್ಟನಾರಾಯಣನ ವೇಣೀಸಂಹಾರದಲ್ಲಿಯೂ ಬಿಚ್ಚಿದ ಮುಡಿಯ ಆಕೆಯೇ ಭೀಮನ ಕ್ರೋಧವನ್ನು ಆರಗೊಡದೆ ಇಡುವಳು. ತ್ರಿವೇದಿಯವರ ತಾಯಿಗೆ ಪ್ರಶ್ನೆಯಿಲ್ಲ. ಆಕೆಯು ಹಿಡಿಯಲ್ಪಟ್ಟವಳು, ಅಷ್ಟೆ. 1905ರಲ್ಲಿ ಅವನೀಂದ್ರನಾಥ ಠಾಕೂರರು ಬರೆದ ಭಾರತಮಾತೆಯ ನಾಲ್ಕು ಕೈಗಳಲ್ಲಿ ಹೊತ್ತಿಗೆ, ಭತ್ತದ ತೆನೆ, ಬಿಳಿಯ ವಸ್ತ್ರ, ಜಪಮಾಲೆ ಇದ್ದವು; ವಂಗವಿಭಜನೆಯ ಆ ಕಷ್ಟಕಾಲದಲ್ಲಿಯೂ ತಾಯಿಯು ಕೊಡುವವಳಾಗಿ ನಿಂತಳು. ನೂರಾರು ವರ್ಷಗಳ ಮೇಲೆ ಅದೇ ತಾಯಿಯು ಕೈಗಳನ್ನು ಕಳಕೊಂಡು ಎರಡೇ ಕೈಯವಳಾಗಿ, ಆ ಎರಡೂ ಪರರ ಹಿಡಿತದಲ್ಲಿರುವದನ್ನು ತೋರಿಸಿದುದು ಒಂದು ದೊಡ್ಡ ಕಲ್ಪನೆಯಾಗಬಹುದಾಗಿದ್ದಿತು. ಆದರೆ ಚಿತ್ರಕಾರರ ಕಣ್ಣು ಆಕೆಯ ಮೇಲಿಲ್ಲ, ಮೃಗದ ಮೇಲಿದೆ. ರೌದ್ರವು ಕರುಣವಾಗಿ ಮಾಗದೆ ಬೀಭತ್ಸದಲ್ಲಿಯೇ ನಿಂತುಬಿಟ್ಟಿತು. ಚಿತ್ರವನ್ನು ನೋಡಿ ಬಂದವನಿಗೆ ಮೃಗದ ಆಕಾರವು ನೆನಪಿರುವದು, ತಾಯಿಯ ಮುಖವು ನೆನಪಿರದು. ದೂಷಕರು ಇದನ್ನು ಹೇಳಿದ್ದರೆ ಚಿತ್ರಕಾರರು ಏನಾದರೂ ಕಲಿಯುತ್ತಿದ್ದರು. ಅವರು ಪೋಲೀಸರನ್ನು ಕರೆದರು.

ಶೌಚದ ಪಾತ್ರೆಯ ವಿಷಯವಾಗಿ ಹೆಚ್ಚು ಬರೆಯುವದಕ್ಕೇನೂ ಇಲ್ಲ. ಅದರಲ್ಲಿ ವಾಚ್ಯವು ಕಿರಿಚಾಡುವದು, ವ್ಯಂಗ್ಯಕ್ಕೆ ಬಾಯಿಯೇ ಇಲ್ಲ. ಆನಂದವರ್ಧನನ ‘ಚಿತ್ರ’ವೆಂದರೆ ಇದೇ.

ಇಂಥ ಸಿಟ್ಟಿಗೆ ದೇಶಪ್ರೇಮವೆಂದು ಹೆಸರಿಡಬಹುದೋ? ಕೂಡಲಸಂಗಮದ ಹೊಳೆದಂಡೆಯಲ್ಲಿ ಬೆಳೆದ ಜನಕ್ಕೆ ಈ ಪ್ರಶ್ನೆಯು ಕಠಿಣವಾಗಬಾರದು. ಹುನಗುಂದ ತಾಲೂಕಿನ ಆ ಸಂಗಮದ ದೇವರನ್ನು ಅಂಕಿತವಾಗಿ ಹಿಡಿದ ಬಸವಣ್ಣನವರ ವಚನಗಳಲ್ಲಿ ಡಂಭದ ಭಕ್ತರಿಗೆ ಬಿದ್ದಷ್ಟು ಏಟು ಅಭಕ್ತರಿಗೆ ಬಿದ್ದಿಲ್ಲ. ಹೊರಗಿನವರನ್ನು ಬೈಯುವದು ದ್ವೇಷದ ಕೆಲಸವಾಗಬಹುದು. ತನ್ನ ಮನೆಯ ಹೊಲಸನ್ನು ಎತ್ತಿ ತೋರಿಸುವವನು ಆ ಮನೆಯಲ್ಲಿಯೇ ಬಾಳಬೇಕಾದವನು. ತ್ರಿವೇದಿಯವರು ರಾಜದ್ರೋಹದ ಆರೋಪವನ್ನು ತೆಗೆಯುವ ತನಕ ಜಾಮೀನನ್ನು ಕೇಳೆನೆಂದು ಮೊದಲು ಹಟಹಿಡಿದರು. 25ರ ಹುಡುಗರ ಹಟವದು ಎಂದು ಹಿರಿಯರು ನಕ್ಕಿರಬಹುದು. ಆದರೆ ಆ ಕಲಮಿನ ಚರಿತ್ರೆಯನ್ನು ನೋಡಿದರೆ ನಗೆಯು ಅಲ್ಲಿಯೇ ನಿಲ್ಲುವದು.

124ಅ ಕಲಮು ದಂಡಸಂಹಿತೆಯೊಳಗೆ ಸೇರಿದುದು 1870ರಲ್ಲಿ. ಅದರ ಕೆಳಗೆ ಲೋಕಮಾನ್ಯ ಟಿಳಕರು 1897ರಲ್ಲಿ ಒಮ್ಮೆ, 1908ರಲ್ಲಿ ಮತ್ತೊಮ್ಮೆ ಶಿಕ್ಷೆ ಹೊಂದಿದರು; ಎರಡನೆಯ ಸಲ ಆರು ವರ್ಷ ಮಂಡಾಲೆಯಲ್ಲಿ ಕಳೆದರು. 1922ರಲ್ಲಿ ಅಹಮದಾಬಾದಿನಲ್ಲಿ ಮಹಾತ್ಮಾ ಗಾಂಧಿಯವರು ಅದೇ ಆರೋಪವನ್ನು ತಾವಾಗಿ ಒಪ್ಪಿಕೊಂಡು ಆರು ವರ್ಷಗಳ ಶಿಕ್ಷೆಯನ್ನು ಸ್ವೀಕರಿಸಿದರು. ಈ ಖಟ್ಲೆಗಳೆಲ್ಲ ನಡೆದುದು ಮುಂಬಯಿ ಇಲಾಖೆಯಲ್ಲಿ. ಬಾಗಲಕೋಟೆ, ಬಾದಾಮಿ, ಹುನಗುಂದಗಳು ವಿಜಾಪುರ ಜಿಲ್ಲೆಯ ಭಾಗಗಳಾಗಿ 1956ರ ತನಕ ಅದೇ ಆಡಳಿತದಲ್ಲಿದ್ದವು. ಟಿಳಕರ ಹೆಸರನ್ನು ಇಲ್ಲಿಯ ಹಿರಿಯರು ಹೊರಗಿನವರ ಹೆಸರೆಂದು ಎಂದೂ ತಿಳಿಯಲಿಲ್ಲ. ಅಂಥವರನ್ನು ಕಟ್ಟಿದ ಹಗ್ಗವನ್ನು ಸ್ವತಂತ್ರ ದೇಶವು ಸುಡದೆ ಅಟ್ಟದ ಮೇಲಿಟ್ಟು, ಚಿತ್ರ ಬರೆದ ತರುಣರೊಬ್ಬರಿಗಾಗಿ ಕೆಳಗಿಳಿಸಿತು. ಹಿಂಸೆಗೆ ಪ್ರೇರಿಸದ ಮಾತು ರಾಜದ್ರೋಹವಾಗದೆಂದು ಸರ್ವೋಚ್ಚ ನ್ಯಾಯಾಲಯವು ಕೇದಾರನಾಥ ಸಿಂಗರ ಖಟ್ಲೆಯಲ್ಲಿ 1962ರಲ್ಲಿಯೇ ತೀರ್ಮಾನಿಸಿದ್ದಿತು. 50 ವರ್ಷಗಳಾದರೂ ಆ ತೀರ್ಮಾನವು ಠಾಣೆಯ ಮೆಟ್ಟಿಲನ್ನು ಏರಿರಲಿಲ್ಲ.

ಕನ್ನಡಿಗರಿಗೆ ಈ ಕಲೆಯು ಹೊಸದಲ್ಲ. 1942ರಲ್ಲಿ ಡಾಕ್ಟರ ಎಂ. ಶಿವರಾಮ ಅವರು ಹೊರಡಿಸಿದ ‘ಕೊರವಂಜಿ’ಯಲ್ಲಿ ಮೈಸೂರಿನ ಆರ್. ಕೆ. ಲಕ್ಷ್ಮಣ ಅವರು ಎಳೆಯ ವಯಸ್ಸಿನಲ್ಲಿಯೇ ಚಿತ್ರ ಬರೆದರು. ಮುಂದೆ ಮುಂಬಯಿಯಲ್ಲಿ ಅವರ ಚೌಕಳಿ ಅಂಗಿಯ ಸಾಮಾನ್ಯ ಮನುಷ್ಯನು ಬಾಯಿಬಿಡದೆ ಎಲ್ಲವನ್ನೂ ನೋಡಿದನು. ಅವನ ಮೌನವು ಮಂತ್ರಿಗಳಿಗೆ ನಗೆ ತಂದಿತು, ಆದುದರಿಂದ ಬಾಳಿತು. ತ್ರಿವೇದಿಯವರ ಪೀಳಿಗೆಗೆ ಆ ಮೌನವು ಸಾಲದಾಯಿತು. ಲಕ್ಷ್ಮಣರ ಕೈವಾಡವು ಇವರಿಗೆ ಒಲಿಯಲಿಲ್ಲವೆಂಬುದು ನಿಜ; ಆದರೆ ಲಕ್ಷ್ಮಣರ ತಾಳ್ಮೆಯನ್ನು ಎಲ್ಲ ಕಾಲಕ್ಕೂ ಎಲ್ಲರಿಂದಲೂ ಕೇಳುವದು ಅನ್ಯಾಯ.

ಖಟ್ಲೆಯ ಕಲಮುಗಳಿಗೆ ಮುಂದೆ ಒದಗಿದ ಗತಿಯು ಬೇರೆ ಬೇರೆಯಾಯಿತು. ಉಚ್ಚ ನ್ಯಾಯಾಲಯದ ತೀರ್ಪಿನ ಏಳು ದಿನಗಳ ಮೇಲೆ, 2015ರ ಮಾರ್ಚ 24ರಂದು, 66ಅ ಕಲಮನ್ನು ಸರ್ವೋಚ್ಚ ನ್ಯಾಯಾಲಯವು ರದ್ದುಮಾಡಿತು. 124ಅ ಕಲಮಿನ ಬಳಕೆಯನ್ನು 2022ರ ಮೇ 11ರಂದು ತಡೆಹಿಡಿಯಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆಯು ಬಂದಿದೆ. ರಾಜದ್ರೋಹವೆಂಬ ಶಬ್ದವು ಅದರಲ್ಲಿ ಇಲ್ಲ, ದೇಶದ ಸಾರ್ವಭೌಮತ್ವ ಮತ್ತು ಐಕ್ಯಗಳಿಗೆ ಅಪಾಯ ತರುವ ಕೃತ್ಯಗಳ ವಿಷಯವಾಗಿ 152ನೆಯ ಕಲಮು ಇದೆ. ಅದರ ಹಗ್ಗದ ಉದ್ದವನ್ನು ನ್ಯಾಯಾಲಯಗಳು ಅಳೆಯಬೇಕಾಗಿದೆ.

ಆದರೆ ಚಿತ್ರವನ್ನು ತಡೆಯಲು ಕಲಮೇ ಬೇಕೆಂದೇನೂ ಇಲ್ಲ. ಕುಂದಾಪುರದ ಶ್ರೀ ಸತೀಶ ಆಚಾರ್ಯರು 2018ರಲ್ಲಿ, ಭಾರತದ ಸುತ್ತುಮುತ್ತಿನ ದೇಶಗಳಲ್ಲಿ ಚೀನದ ಪ್ರಭಾವವು ಬೆಳೆಯುತ್ತಿರುವದನ್ನು ತೋರಿಸುವ ಚಿತ್ರವೊಂದನ್ನು ಬರೆದರು. ದೇಶದ ಹಿತಚಿಂತನೆಯಲ್ಲದೆ ಬೇರೇನನ್ನೂ ಅದರಲ್ಲಿ ಹುಡುಕುವದು ಕಷ್ಟ. ಅವರು ಬರೆಯುತ್ತಿದ್ದ ದಿಲ್ಲಿಯ ಇಂಗ್ಲಿಷ ಪತ್ರಿಕೆಯು ಅದನ್ನು ಅಚ್ಚುಮಾಡಲಿಲ್ಲ. ಅಲ್ಲಿಂದ ಮುಂದೆ ಅವರ ಚಿತ್ರಗಳೇ ಆ ಪತ್ರಿಕೆಯಲ್ಲಿ ಬರುವದು ನಿಂತಿತು. ಫಿರ್ಯಾದಿಯಿಲ್ಲ, ಠಾಣೆಯಿಲ್ಲ, ತೀರ್ಪೂ ಇಲ್ಲ. ಆಚಾರ್ಯರು ತಾವೇ ಅದನ್ನು ಬೇರೆ ಕಡೆಯಲ್ಲಿ ಪ್ರಕಟಿಸಿದುದರಿಂದ ಆ ಚಿತ್ರವನ್ನು ಜನರು ಕಂಡರು.